ನಾಲೆ, ಜಿಲ್ಲೆ, ಜಾತಿ: ‘ನಾವು’ ಎಂಬ ಗುಂಪು ಹುಟ್ಟುವುದು ಹೇಗೆ?

2025ರ ಜೂನ್‌ನಲ್ಲಿ ಭದ್ರಾ ಬಲದಂಡೆ ನಾಲೆಯನ್ನು ಸೀಳಿ ಹೊಸದುರ್ಗ, ತರೀಕೆರೆ, ಕಡೂರು ಕಡೆಗೆ ಕುಡಿಯುವ ನೀರು ಒಯ್ಯುವ ಕಾಮಗಾರಿಯ ವಿರುದ್ಧ ದಾವಣಗೆರೆ ಜಿಲ್ಲೆಯ ರೈತರು ಬೀದಿಗಿಳಿದರು. ನಗರದಲ್ಲಿ ಬಂದ್ ಕೂಡ ನಡೆಯಿತು. ಅದಾಗಿ ಮೂರು ತಿಂಗಳು ತುಂಬುವ ಹೊತ್ತಿಗೆ, ಸೆಪ್ಟೆಂಬರ್ 22ರಂದು, ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭವಾಯಿತು. ಮನೆ ಬಾಗಿಲಿಗೆ ಚೀಟಿ ಅಂಟಿಸಿ ಹೋದವರ ಹಿಂದೆಯೇ ಗಣತಿದಾರರು 60 ಪ್ರಶ್ನೆಗಳನ್ನು ಹಿಡಿದು ಬಂದರು. ಧರ್ಮದ ಕಾಲಂನಲ್ಲಿ ಏನು ಬರೆಸಬೇಕು, ಜಾತಿ ಮತ್ತು ಉಪಜಾತಿಯ ಕಾಲಂಗಳಲ್ಲಿ ಏನು ಬರೆಸಬೇಕು ಎಂದು ಮಠಗಳೂ ಸಮುದಾಯಗಳ ಸಂಘಗಳೂ ತಮ್ಮ ತಮ್ಮ ಜನರಿಗೆ ತಿಳಿಹೇಳಿದವು.

ಜೂನ್‌ನಲ್ಲಿ ಜಾತಿಯ ಮಾತೆತ್ತದೆ ‘ನಮ್ಮ ನೀರು’ ಎಂದು ಒಟ್ಟಾಗಿ ಕೂಗಿದವರು ಸೆಪ್ಟೆಂಬರ್‌ನಲ್ಲಿ ಬೇರೆ ಬೇರೆ ಸಭಾಭವನಗಳಲ್ಲಿ ಕುಳಿತಿದ್ದರು. ಎರಡೂ ಕಡೆ ಅವರು ‘ನಾವು’ ಎಂದಾಗ ಅದರಲ್ಲಿ ಸುಳ್ಳೇನೂ ಇರಲಿಲ್ಲ. ಒಬ್ಬನೇ ಮನುಷ್ಯ ಇಷ್ಟು ಸಲೀಸಾಗಿ ಒಂದು ‘ನಾವು’ನಿಂದ ಇನ್ನೊಂದಕ್ಕೆ ದಾಟುವುದು ಹೇಗೆ, ದಾಟಿದ ಕೂಡಲೇ ಅವನ ಕಣ್ಣಿಗೆ ನ್ಯಾಯ ಅನ್ಯಾಯಗಳು ಬೇರೆಯಾಗಿ ಕಾಣುವುದು ಏಕೆ ಎಂಬುದನ್ನು ಸಮಾಜ ಮನೋವಿಜ್ಞಾನಿಗಳು ಮತ್ತು ಮಾನವಶಾಸ್ತ್ರಜ್ಞರು ಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಲದಿಂದ ಪರೀಕ್ಷಿಸುತ್ತ ಬಂದಿದ್ದಾರೆ. ಅವರು ಕಂಡದ್ದನ್ನು ತಿಳಿಸುವುದಷ್ಟೇ ಈ ಲೇಖನದ ಕೆಲಸ; ನೀರಿನ ಹಂಚಿಕೆಯಲ್ಲಿ ಯಾರ ವಾದ ಸರಿ, ಸಮೀಕ್ಷೆ ಬೇಕಿತ್ತೇ ಬೇಡವೇ ಎಂಬ ಪ್ರಶ್ನೆಗಳು ಇದರ ವ್ಯಾಪ್ತಿಗೆ ಬರುವುದಿಲ್ಲ.

ಹುಟ್ಟಿನಿಂದ ಬಂದದ್ದು, ಕಲಿತು ಬಂದದ್ದು

ಕಲಿಸದೆಯೇ ಬರುವ ಒಲವನ್ನು ಪ್ರವೃತ್ತಿ ಎನ್ನುತ್ತೇವೆ. ಸುತ್ತಲಿನವರನ್ನು ನೋಡಿ, ಕೇಳಿ, ಅನುಕರಿಸಿ ಪಡೆದು, ಮುಂದಿನವರಿಗೆ ದಾಟಿಸುವ ತಿಳಿವಳಿಕೆ ಮತ್ತು ನಡವಳಿಕೆಗಳ ಒಟ್ಟು ಮೊತ್ತ ಸಂಸ್ಕೃತಿ. ತನ್ನವರು ಯಾರು, ಹೊರಗಿನವರು ಯಾರು ಎಂದು ಬೇಗ ಗುರುತಿಸಿ ತನ್ನವರ ಕಡೆಗೆ ವಾಲುವ ಸ್ವಭಾವವನ್ನು ವಿದ್ವಾಂಸರು ‘ಬುಡಕಟ್ಟು ಪ್ರವೃತ್ತಿ’ ಎಂದು ಕರೆಯುತ್ತಾರೆ. ಚಿತ್ರದುರ್ಗ ಜಿಲ್ಲೆಯಲ್ಲಿ ಕುಳಿತು ಈ ಹೆಸರನ್ನು ಬಳಸುವಾಗ ಒಂದು ಎಚ್ಚರಿಕೆ ಬೇಕು: ಇದು ಇಲ್ಲಿನ ಬುಡಕಟ್ಟು ಹಿನ್ನೆಲೆಯ ಸಮುದಾಯಗಳಾದ ಮ್ಯಾಸನಾಯಕರಿಗೋ ಕಾಡುಗೊಲ್ಲರಿಗೋ ಸೀಮಿತವಾದ ಗುಣವಲ್ಲ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿಯೂ ವಿಶ್ವವಿದ್ಯಾಲಯದ ವಿಭಾಗಗಳಲ್ಲಿಯೂ ಅಷ್ಟೇ ಧಾರಾಳವಾಗಿ ಸಿಗುತ್ತದೆ. ಆದ್ದರಿಂದ ಇಲ್ಲಿ ಅದನ್ನು ‘ಗುಂಪಿನ ಪ್ರವೃತ್ತಿ’ ಎಂದೇ ಕರೆಯೋಣ.

ಪ್ರವೃತ್ತಿಗೂ ಸಂಸ್ಕೃತಿಗೂ ಇರುವ ಸಂಬಂಧ ಮಾತು ಕಲಿಯುವ ಶಕ್ತಿಗೂ ಕನ್ನಡಕ್ಕೂ ಇರುವ ಸಂಬಂಧದಂಥದ್ದು. ಮಾತು ಕಲಿಯುವ ಸಿದ್ಧತೆ ಎಲ್ಲ ಕೂಸುಗಳಲ್ಲಿಯೂ ಹುಟ್ಟಿನಿಂದಲೇ ಇರುತ್ತದೆ. ಅದು ಕನ್ನಡವಾಗಬೇಕೋ ತೆಲುಗಾಗಬೇಕೋ ಉರ್ದುವಾಗಬೇಕೋ ಎಂಬುದನ್ನು ಮನೆ ಮತ್ತು ಓಣಿ ತೀರ್ಮಾನಿಸುತ್ತವೆ. ಹಾಗೆಯೇ ಗುಂಪು ಕಟ್ಟುವ ಒಲವು ಎಲ್ಲರಲ್ಲಿಯೂ ಇದ್ದು, ಯಾರ ಜೊತೆ, ಯಾವ ಗುರುತಿನ ಮೇಲೆ ಎಂಬುದನ್ನು ಸಂಸ್ಕೃತಿ ತುಂಬಿಕೊಡುತ್ತದೆ. ಮಾತು ಇಲ್ಲಿ ಉಪಮೆಯಷ್ಟೇ ಆಗಿರದೆ ಗುಂಪನ್ನು ಗುರುತಿಸುವ ಮೊದಲ ಚಿಹ್ನೆಯೂ ಆಗಿರುವಂತಿದೆ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಇನ್ನೂ ಮಾತೇ ಬಾರದ ಹತ್ತು ತಿಂಗಳ ಶಿಶುಗಳು ಪರಭಾಷೆಯವರಿಗಿಂತ ತಮ್ಮ ಮನೆಮಾತನ್ನಾಡಿದವರು ನೀಡಿದ ಆಟಿಕೆಯ ಕಡೆಗೇ ಹೆಚ್ಚಾಗಿ ಕೈಚಾಚಿದವು.

ಈ ಒಲವು ಮನುಷ್ಯನಿಗೆ ಏಕೆ ಬಂತು? ನಮ್ಮ ಪೂರ್ವಜರು ಲಕ್ಷಾಂತರ ವರ್ಷ ಸಣ್ಣ ಸಣ್ಣ ತಂಡಗಳಲ್ಲಿ ಬೇಟೆಯಾಡಿ, ಗೆಡ್ಡೆಗೆಣಸು ಆಯ್ದು ಬದುಕಿದವರು. ತಂಡದಿಂದ ಹೊರಬಿದ್ದವನಿಗೆ ಬದುಕು ಕಷ್ಟವಿತ್ತು ಎಂಬುದು ಒಂದು ಕಾರಣವಾದರೆ, ಮತ್ತೊಂದು ಕಾರಣ ತಿಳಿವಳಿಕೆಗೆ ಸಂಬಂಧಿಸಿದ್ದು, ಮತ್ತು ನನಗೆ ಅದೇ ಹೆಚ್ಚು ಮುಖ್ಯವೆನಿಸುತ್ತದೆ. ಚಳ್ಳಕೆರೆ, ಜಗಳೂರಿನಂಥ ಒಣಭೂಮಿಯ ಹಳ್ಳಿಗಳಲ್ಲಿ ಮಳೆ ಕೈಕೊಟ್ಟು ಬಾಡಿ ನಿಂತ ಎಳೆ ಜೋಳದ ಹೊಲಕ್ಕೆ ದನ ಬಿಡಬಾರದು ಎಂದು ದನ ಕಾಯುವವರಿಗೆ ಗೊತ್ತು. ಹೊಲಕ್ಕೆ ನುಗ್ಗಿದ ದನವನ್ನು ಬೆಳೆ ಹಾಳಾದೀತೆಂಬ ಆತುರಕ್ಕಿಂತ ದೊಡ್ಡ ಆತುರದಿಂದ ಎಬ್ಬಿ ಹೊರಗಟ್ಟುತ್ತಾರೆ. ಎಳೆಯ ಜೋಳದಲ್ಲಿ, ಅದೂ ನೀರಿಲ್ಲದೆ ಸೊರಗಿದಾಗ, ಹೈಡ್ರೋಜನ್ ಸಯನೈಡ್ ಎಂಬ ವಿಷವನ್ನು ಹೊರಬಿಡುವ ಅಂಶ ಹೆಚ್ಚಿರುತ್ತದೆ ಎಂಬ ರಸಾಯನಶಾಸ್ತ್ರ ತಿಳಿಯುವುದಕ್ಕೆ ಎಷ್ಟೋ ಮೊದಲೇ ಈ ಪಾಠ ಬಾಯಿಂದ ಬಾಯಿಗೆ ದಾಟಿ ಬಂದಿದೆ. ‘ಯಾಕೆ’ ಎಂದು ಕೇಳಿ, ಪರೀಕ್ಷಿಸಿ, ಮನದಟ್ಟಾದ ಮೇಲೆಯೇ ನಂಬುತ್ತೇನೆ ಎಂದವನು ದನ ಕಳೆದುಕೊಳ್ಳುತ್ತಿದ್ದ. ತನ್ನವರ ಮಾತನ್ನು ಕಾರಣ ಕೇಳದೆ ನಂಬುವುದರಲ್ಲಿ ಲಾಭವಿತ್ತು.

ಇದನ್ನು ಪ್ರಯೋಗದಲ್ಲಿಯೂ ಕಂಡಿದ್ದಾರೆ. 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಉಗಾಂಡದ ಚಿಂಪಾಂಜಿಗಳಿಗೂ ಸ್ಕಾಟ್ಲೆಂಡಿನ ಮೂರ್ನಾಲ್ಕು ವರ್ಷದ ಮಕ್ಕಳಿಗೂ ಒಂದು ಪೆಟ್ಟಿಗೆಯಿಂದ ಬಹುಮಾನ ತೆಗೆಯುವ ವಿಧಾನವನ್ನು ತೋರಿಸಲಾಯಿತು. ಅದರಲ್ಲಿ ಪೆಟ್ಟಿಗೆಯ ಮೇಲಿನ ತೂತಿಗೆ ಕೋಲು ಚುಚ್ಚುವ ನಿರುಪಯುಕ್ತ ಕ್ರಿಯೆಯೂ ಸೇರಿತ್ತು. ಪೆಟ್ಟಿಗೆ ಪಾರದರ್ಶಕವಾಗಿದ್ದು ಆ ಚುಚ್ಚುವಿಕೆಯಿಂದ ಏನೂ ಆಗುವುದಿಲ್ಲವೆಂಬುದು ಕಣ್ಣಿಗೇ ಕಂಡಾಗ ಚಿಂಪಾಂಜಿಗಳು ಅದನ್ನು ಬಿಟ್ಟು ನೇರವಾಗಿ ಬಹುಮಾನ ತೆಗೆದವು. ಮಕ್ಕಳು ಮಾತ್ರ ತೋರಿಸಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದರು. ಮೇಲ್ನೋಟಕ್ಕೆ ಚಿಂಪಾಂಜಿಯೇ ಜಾಣ. ಆದರೆ ಅರ್ಥವಾಗದ್ದನ್ನೂ ಅನುಕರಿಸುವ ಆ ಸ್ವಭಾವದಿಂದಲೇ ಮನುಷ್ಯನಿಗೆ ತಲೆಮಾರುಗಳ ತಿಳಿವಳಿಕೆಯನ್ನು ಒಂದರ ಮೇಲೊಂದು ಪೇರಿಸಲು ಸಾಧ್ಯವಾಯಿತು.

ಒಂದು ಗೆರೆ ಸಾಕು

ಗುಂಪು ಎನ್ನಿಸಿಕೊಳ್ಳಲು ಕನಿಷ್ಠ ಏನಿರಬೇಕು? ರಕ್ತಸಂಬಂಧವೋ, ಹಳೆಯ ವೈರವೋ, ಹಂಚಿಕೊಂಡ ಆಸ್ತಿಯೋ? ಹೆನ್ರಿ ತಾಜ್‌ಫೆಲ್ ಎಂಬ ಮನೋವಿಜ್ಞಾನಿ ಇದನ್ನೇ ಹುಡುಕಲು ಹೊರಟರು. ಅವರು ಪೋಲೆಂಡಿನಲ್ಲಿ ಹುಟ್ಟಿದ ಯಹೂದಿ. ಎರಡನೆಯ ಮಹಾಯುದ್ಧದಲ್ಲಿ ಫ್ರೆಂಚ್ ಸೈನ್ಯದ ಪರ ಹೋರಾಡಿ ಜರ್ಮನ್ನರಿಗೆ ಸೆರೆಸಿಕ್ಕು, ಬದುಕಿ ಮರಳಿದಾಗ ಕುಟುಂಬದವರಲ್ಲಿ ಹೆಚ್ಚು ಕಡಿಮೆ ಯಾರೂ ಉಳಿದಿರಲಿಲ್ಲ. ಮುಂದೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಅವರು ನಡೆಸಿದ ಪ್ರಯೋಗದ ವಿವರ 1970ರಲ್ಲಿ ಪ್ರಕಟವಾಯಿತು.

ಹದಿನಾಲ್ಕು ಹದಿನೈದು ವರ್ಷದ 64 ಹುಡುಗರಿಗೆ ಪರದೆಯ ಮೇಲೆ ಚುಕ್ಕೆಗಳನ್ನು ಕ್ಷಣಮಾತ್ರ ತೋರಿಸಿ, ಎಷ್ಟಿದ್ದವು ಎಂದು ಅಂದಾಜು ಮಾಡಲು ಹೇಳಿದರು. ಅನಂತರ ‘ನೀನು ಹೆಚ್ಚು ಎಣಿಸುವವರ ಗುಂಪು’, ‘ನೀನು ಕಡಿಮೆ ಎಣಿಸುವವರ ಗುಂಪು’ ಎಂದು ಹುಡುಗರನ್ನು ವಿಂಗಡಿಸಿದರು. ವಾಸ್ತವವಾಗಿ ಆ ವಿಂಗಡಣೆಗೆ ಯಾವ ಆಧಾರವೂ ಇರಲಿಲ್ಲ. ತನ್ನ ಗುಂಪಿನಲ್ಲಿ ಬೇರೆ ಯಾರಿದ್ದಾರೆಂದು ಹುಡುಗನಿಗೆ ತಿಳಿಯದು. ಗುಂಪಿನವರು ಒಬ್ಬರಿಗೊಬ್ಬರು ಮಾತಾಡಿದ್ದೂ ಇಲ್ಲ. ಇಷ್ಟಾದ ಮೇಲೆ ಪ್ರತಿಯೊಬ್ಬನೂ ಒಂಟಿಯಾಗಿ ಕುಳಿತು ಇತರ ಇಬ್ಬರಿಗೆ ಹಣ ಹಂಚಬೇಕಿತ್ತು. ತನಗೆ ತಾನು ಕೊಟ್ಟುಕೊಳ್ಳುವಂತಿರಲಿಲ್ಲ. ಪಡೆಯುವವರ ಹೆಸರಿನ ಬದಲು ಅವರು ಯಾವ ಗುಂಪಿನವರು ಎಂಬುದಷ್ಟೇ ಗೊತ್ತಿತ್ತು.

ಹುಡುಗರು ತಮ್ಮ ಗುಂಪಿನವನಿಗೆ ಹೆಚ್ಚು ಕೊಟ್ಟರು. ಅದನ್ನು ಊಹಿಸಬಹುದು. ಬೆರಗಾಗಿಸುವುದು ಅವರು ಹೇಗೆ ಕೊಟ್ಟರು ಎಂಬುದು. ಇದೇ ಬಗೆಯ ಎರಡನೆಯ ಪ್ರಯೋಗದಲ್ಲಿ ಒಂದು ಹಂಚಿಕೆಯ ಪಟ್ಟಿಯ ಒಂದು ತುದಿಯಲ್ಲಿ ತನ್ನವನಿಗೆ 19, ಎದುರು ಗುಂಪಿನವನಿಗೆ 25 ಸಿಗುತ್ತಿತ್ತು; ಇನ್ನೊಂದು ತುದಿಯಲ್ಲಿ ತನ್ನವನಿಗೆ ಬರೀ 7, ಎದುರಿನವನಿಗೆ 1. ತನ್ನವನ ಲಾಭವಷ್ಟೇ ಗುರಿಯಾಗಿದ್ದರೆ 19ನ್ನು ಆರಿಸಿ ಸುಮ್ಮನಾಗಬೇಕಿತ್ತು. ಆದರೆ ಹುಡುಗರ ಆಯ್ಕೆಗಳು ಆ ತುದಿಯನ್ನು ಬಿಟ್ಟು ಅಂತರ ತಮ್ಮ ಕಡೆಗಿರುವ ದಿಕ್ಕಿಗೆ ಸರಿದವು. ನಮ್ಮವನಿಗೆ ಸ್ವಲ್ಪ ಕಡಿಮೆ ಬಂದರೂ ಚಿಂತೆಯಿಲ್ಲ, ಅವರಿಗಿಂತ ಹೆಚ್ಚು ಬರಬೇಕು. ಆಸ್ತಿ ಹಂಚಿಕೆಯ ಪಂಚಾಯಿತಿಗಳನ್ನು ಕಂಡವರಿಗೆ ಈ ಲೆಕ್ಕ ಹೊಸದಲ್ಲ. ಆದರೆ ಅಲ್ಲಿ ಮೂರು ತಲೆಮಾರಿನ ಮನಸ್ತಾಪವಿರುತ್ತದೆ, ಇಲ್ಲಿದ್ದದ್ದು ಕೆಲವೇ ನಿಮಿಷಗಳ ಹಿಂದೆ ಹುಟ್ಟಿದ ಹೆಸರು ಮಾತ್ರ.

ಮುಂದೆ ತಾಜ್‌ಫೆಲ್ ಮತ್ತು ಜಾನ್ ಟರ್ನರ್ ಇದಕ್ಕೆ ಕೊಟ್ಟ ವಿವರಣೆ ಸರಳವಾಗಿದೆ. ಮನುಷ್ಯ ತನ್ನ ಬೆಲೆಯ ಒಂದು ಪಾಲನ್ನು ತಾನಿರುವ ಗುಂಪಿನಿಂದ ಪಡೆಯುತ್ತಾನೆ. ಗುಂಪಿನ ಬೆಲೆ ತಿಳಿಯುವುದು ಬೇರೆ ಗುಂಪಿನೊಡನೆ ಹೋಲಿಸಿದಾಗ ಮಾತ್ರ. ಆದ್ದರಿಂದ ನಮ್ಮ ಗುಂಪು ಒಂದು ಕೈ ಮೇಲಿರಬೇಕೆಂಬ ಹಂಬಲದಲ್ಲಿ ಅವನು ತನ್ನ ಮಾನವನ್ನೇ ಕಾಯ್ದುಕೊಳ್ಳುತ್ತಿರುತ್ತಾನೆ.

ಗೆರೆಯೊಳಗೆ ಗೆರೆ

ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿ ಬೇಸಿಗೆ ಬೆಳೆಗೆ ನೀರು ಬಿಟ್ಟಾಗ ಕೇಳಿಬರುವ ಜಗಳ ಬೇರೆಯೇ ಇದೆ. ನಾಲೆಯ ಮೇಲ್ಭಾಗದವರು ಪಂಪ್‌ಸೆಟ್ ಇಟ್ಟು ಅಡಿಕೆ ತೋಟಕ್ಕೆ ನೀರೆತ್ತಿಕೊಳ್ಳುತ್ತಾರೆ, ಕೊನೆಭಾಗದ ಭತ್ತದ ಗದ್ದೆಗೆ ನೀರು ತಲುಪುವುದಿಲ್ಲ ಎಂಬುದು ಕೊನೆಭಾಗದ ರೈತರ ದೂರು. ಆಗ ಕೊನೆಭಾಗದವರು ‘ನಾವು’, ಮೇಲಿನವರು ‘ಅವರು’. ನಾಲೆಯನ್ನೇ ಸೀಳಿ ನೀರು ಜಿಲ್ಲೆಯಾಚೆಗೆ ಹೋಗುತ್ತದೆ ಎಂದಾದಾಗ ಅಚ್ಚುಕಟ್ಟಿನವರೆಲ್ಲ ‘ನಾವು’. ಕಾವೇರಿಯ ವಿಷಯದಲ್ಲಿ ತಮಿಳುನಾಡು ಎದುರಿಗೆ ಬಂದರೆ ದಾವಣಗೆರೆ, ಹೊಸದುರ್ಗ, ಕಡೂರುಗಳೆಲ್ಲ ಒಂದೇ ಸಾಲಿನಲ್ಲಿ ನಿಲ್ಲುತ್ತವೆ.

ಈ ವಿನ್ಯಾಸವನ್ನು ಮಾನವಶಾಸ್ತ್ರಜ್ಞ ಇವಾನ್ಸ್-ಪ್ರಿಚರ್ಡ್ 1930ರ ದಶಕದಲ್ಲಿ ಸುಡಾನಿನ ನುಯೆರ್ ಎಂಬ ದನಗಾಹಿ ಜನರಲ್ಲಿ ಗುರುತಿಸಿದರು. ಅಲ್ಲಿ ಎರಡು ಮನೆತನಗಳು ತಮ್ಮೊಳಗೆ ಕಾದಾಡುತ್ತವೆ, ಮೂರನೆಯ ದೊಡ್ಡ ಗುಂಪು ಎದುರಾದರೆ ಒಂದಾಗುತ್ತವೆ, ಇನ್ನೂ ಹೊರಗಿನವರು ಬಂದರೆ ಆ ಮೂರೂ ಸೇರುತ್ತವೆ. ಅವರಿಗೆ ರಾಜನಿರಲಿಲ್ಲ; ಕೂಡುವ ಮತ್ತು ಒಡೆಯುವ ಈ ಕ್ರಮವೇ ಅವರ ರಾಜಕೀಯ ವ್ಯವಸ್ಥೆಯಾಗಿತ್ತು. ನಾವು ಯಾರು ಎಂಬುದಕ್ಕೆ ಉತ್ತರ ಎದುರಿಗೆ ನಿಂತವರು ಯಾರು ಎಂಬುದರ ಮೇಲೆ ನಿಂತಿರುತ್ತದೆ.

ಈ ಗೆರೆಗಳಲ್ಲಿ ಎಷ್ಟೋ ತೀರ ಹೊಸವು ಎಂಬುದಕ್ಕೆ ದಾವಣಗೆರೆ ಜಿಲ್ಲೆಯೇ ಸಾಕ್ಷಿ. ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, 1997ರ ಆಗಸ್ಟ್ 15ರಂದು ಹುಟ್ಟಿದ ಈ ಜಿಲ್ಲೆಗೆ ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದಿಂದ ಬಂದವು, ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ, ಹರಪನಹಳ್ಳಿ ಬಳ್ಳಾರಿಯಿಂದ. ಅಂದರೆ 2025ರ ಜೂನ್‌ನಲ್ಲಿ ಎದುರುಬದುರಾಗಿ ಕಂಡ ದಾವಣಗೆರೆ ಮತ್ತು ಹೊಸದುರ್ಗ ತಾಲ್ಲೂಕುಗಳು ಮೂರು ದಶಕಗಳ ಹಿಂದೆ ಒಂದೇ ಜಿಲ್ಲೆ. ಹರಪನಹಳ್ಳಿಯ ಕಥೆ ಇನ್ನೂ ಸ್ವಾರಸ್ಯಕರ: ಎರಡು ದಶಕ ದಾವಣಗೆರೆಯಲ್ಲಿದ್ದು, ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಅಲ್ಲಿ 1990ರಲ್ಲಿ ಹುಟ್ಟಿದವರೊಬ್ಬರು ಮನೆ ಬದಲಿಸದೆಯೇ ಮೂರು ಜಿಲ್ಲೆಗಳ ನಿವಾಸಿಯಾಗಿದ್ದಾರೆ. ಪ್ರಯೋಗಾಲಯದ ಚುಕ್ಕೆಗಳಂತೆ ಜಿಲ್ಲೆಯ ಗಡಿ ಹುರುಳಿಲ್ಲದ್ದು ಎಂದಲ್ಲ. ಕಚೇರಿ, ಅನುದಾನ, ಆಸ್ಪತ್ರೆ ಎಲ್ಲವೂ ಆ ಗಡಿಯನ್ನು ಅನುಸರಿಸುವುದರಿಂದ ಕಾಗದದ ಮೇಲಿನ ಗೆರೆ ಬಹುಬೇಗ ಮೈತುಂಬಿಕೊಳ್ಳುತ್ತದೆ.

ಮುಳ್ಳಿನ ಗುಡಿ

ಗುಂಪು ದೊಡ್ಡದಾದಂತೆ ಒಂದು ತೊಂದರೆ ಹುಟ್ಟುತ್ತದೆ. ಎಲ್ಲರ ಮುಖ ಎಲ್ಲರಿಗೂ ಗೊತ್ತಿಲ್ಲದಿದ್ದಾಗ, ನಮ್ಮವನೆಂದು ಹೇಳಿಕೊಂಡು ಬಂದವನು ನಿಜವಾಗಿಯೂ ನಮ್ಮವನೇ ಎಂದು ತಿಳಿಯುವುದು ಹೇಗೆ? ಉಡುಗೆ, ಹಣೆಯ ಗುರುತು, ಮಾತಿನ ಧಾಟಿ, ಊಟದ ಕಟ್ಟಳೆ ಇವೆಲ್ಲ ಈ ಕೆಲಸ ಮಾಡುತ್ತವೆ. ಆದರೆ ಸುಲಭದ ಗುರುತನ್ನು ಯಾರಾದರೂ ನಕಲು ಮಾಡಬಹುದು. ಆದ್ದರಿಂದ ಅನೇಕ ಸಮುದಾಯಗಳಲ್ಲಿ ಕಷ್ಟದ ಆಚರಣೆಗಳಿವೆ.

ಚಳ್ಳಕೆರೆ ತಾಲ್ಲೂಕಿನಲ್ಲಿ ಕಾಡುಗೊಲ್ಲರು ನಡೆಸುವ ಕ್ಯಾತಪ್ಪನ ಜಾತ್ರೆಯಲ್ಲಿ ದೇವರ ಗುಡಿಯನ್ನು ಬಾರೆ ಮುಳ್ಳಿನಿಂದಲೇ ಎತ್ತರಕ್ಕೆ ಕಟ್ಟುತ್ತಾರೆ. ನೆರೆದ ಜನ ಕೇಕೆ ಹಾಕುತ್ತಿರುವಂತೆ ಹರೆಯದವರು ಬರಿಗಾಲಿನಲ್ಲಿ ಆ ಮುಳ್ಳಿನ ಮೇಲೆ ಹತ್ತಿ, ತುದಿಯ ಕಳಶ ಕೀಳಲು ಪೈಪೋಟಿ ನಡೆಸುತ್ತಾರೆ. ಭಕ್ತರಿಗೆ ಅದು ಹರಕೆ ಮತ್ತು ದೇವರ ಮಹಿಮೆ. ಆ ಅರ್ಥವನ್ನು ಅಲ್ಲಗಳೆಯುವ ಉದ್ದೇಶ ಇಲ್ಲಿಲ್ಲ. ಮಾನವಶಾಸ್ತ್ರಜ್ಞರು ಅದರ ಪಕ್ಕದಲ್ಲಿ ಇನ್ನೊಂದು ಅರ್ಥವನ್ನಿಡುತ್ತಾರೆ. ಮೈಗೆ ನೋವು ಮಾಡಿಕೊಳ್ಳುವ ಆಚರಣೆಯನ್ನು ಮೇಲುಮೇಲಿನ ಭಕ್ತಿಯವನು ಮಾಡಲಾರ. ಮಾಡಿ ತೋರಿಸಿದವನನ್ನು ಗುಂಪು ಧೈರ್ಯವಾಗಿ ನಂಬಬಹುದು. ನೋಡುತ್ತ ನಿಂತವರಿಗೂ ಅದು ತಾಕುತ್ತದೆ. ಸ್ಪೇನಿನ ಹಳ್ಳಿಯೊಂದರಲ್ಲಿ, ನಮ್ಮಲ್ಲಿಯಂತೆಯೇ, ಕೆಂಡ ಹಾಯುವ ಪದ್ಧತಿಯಿದೆ. ಅಲ್ಲಿ ಹಾಯುವವರ ಮತ್ತು ನೋಡುವವರ ಎದೆಬಡಿತವನ್ನು ಅಳೆದ ಸಂಶೋಧಕರು 2011ರಲ್ಲಿ ಪ್ರಕಟಿಸಿದಂತೆ, ಹಾಯುವವನ ಬಂಧುಮಿತ್ರರ ಎದೆಬಡಿತ ಅವನದರ ಏರಿಳಿತವನ್ನೇ ಹಿಂಬಾಲಿಸಿತ್ತು. ಸುಮ್ಮನೆ ನೋಡಲು ಬಂದಿದ್ದ ಪ್ರವಾಸಿಗರಲ್ಲಿ ಹಾಗಾಗಲಿಲ್ಲ.

ನೋಡುವ ಕಣ್ಣಿನಲ್ಲಿಯೇ ಗುಂಪು

ಗುಂಪು ನಮ್ಮ ನಡವಳಿಕೆಯನ್ನಷ್ಟೇ ಅಲ್ಲದೆ ನಾವು ಕಾಣುವುದನ್ನೂ ತಿದ್ದುತ್ತದೆ ಎಂಬುದಕ್ಕೆ ಹಳೆಯ ಉದಾಹರಣೆಯೊಂದಿದೆ. 1951ರಲ್ಲಿ ಅಮೆರಿಕದ ಡಾರ್ಟ್‌ಮತ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವಿನ ಫುಟ್‌ಬಾಲ್ ಪಂದ್ಯ ಬಹಳ ಒರಟಾಯಿತು. ಒಂದು ತಂಡದ ಆಟಗಾರನ ಮೂಗು ಮುರಿಯಿತು, ಇನ್ನೊಂದು ತಂಡದವನ ಕಾಲು. ಆಮೇಲೆ ಎರಡೂ ಕಾಲೇಜುಗಳ ವಿದ್ಯಾರ್ಥಿಗಳಿಗೆ ಅದೇ ಪಂದ್ಯದ ಚಲನಚಿತ್ರವನ್ನು ತೋರಿಸಿ ನಿಯಮಭಂಗಗಳನ್ನು ಎಣಿಸಲು ಹೇಳಿದರು. ಡಾರ್ಟ್‌ಮತ್ ವಿದ್ಯಾರ್ಥಿಗಳಿಗೆ ತಮ್ಮ ತಂಡದಲ್ಲಿ ಕಂಡ ತಪ್ಪುಗಳಿಗಿಂತ ಎರಡು ಪಟ್ಟಿಗೂ ಹೆಚ್ಚು ತಪ್ಪುಗಳು ಪ್ರಿನ್ಸ್‌ಟನ್ನಿನವರಿಗೆ ಅದೇ ತಂಡದಲ್ಲಿ ಕಂಡವು. ಯಾರೂ ಬೇಕೆಂದೇ ಸುಳ್ಳು ಹೇಳುತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು. ಬಂದ್ ದಿನದ ಒಂದೇ ವಿಡಿಯೊ ಎರಡು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎರಡು ಘಟನೆಗಳಾಗಿ ಹರಿದಾಡುವುದರ ಹಿಂದೆಯೂ ಇದೇ ಇದೆ.

ಇನ್ನು ಒಪ್ಪಿಕೊಂಡು ಹೋಗುವ ಒತ್ತಡ. ಮನೋವಿಜ್ಞಾನಿ ಸಾಲೊಮನ್ ಆಶ್ 1951ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಗೆರೆಗಳ ಉದ್ದವನ್ನು ಹೋಲಿಸುವ ತೀರ ಸುಲಭದ ಪ್ರಶ್ನೆಗೆ ಸುತ್ತ ಕುಳಿತವರೆಲ್ಲ, ಮೊದಲೇ ಹೇಳಿಕೊಟ್ಟಂತೆ, ತಪ್ಪು ಉತ್ತರ ಕೊಟ್ಟರು. ವಿಷಯ ತಿಳಿಯದ ಒಬ್ಬನೇ ಒಬ್ಬ ಕೊನೆಯಲ್ಲಿದ್ದ. ಇಂಥ ಸಂದರ್ಭಗಳಲ್ಲಿ ಸುಮಾರು ಮೂರರಲ್ಲಿ ಒಂದು ಬಾರಿ ಅವನೂ ಆ ತಪ್ಪನ್ನೇ ಹೇಳಿದ. ಈ ಪ್ರಯೋಗದ ಕಡಿಮೆ ಪ್ರಚಾರ ಪಡೆದ ಭಾಗವೇ ನನಗೆ ಹೆಚ್ಚು ಉಪಯುಕ್ತವಾಗಿ ಕಾಣುತ್ತದೆ: ಸುತ್ತಲಿನವರಲ್ಲಿ ಒಬ್ಬನಾದರೂ ಸರಿಯುತ್ತರ ಹೇಳಿದರೆ ಸಾಕು, ಈ ಶರಣಾಗತಿ ತೀರ ಕಡಿಮೆಯಾಗುತ್ತಿತ್ತು.

ಜಾತಿ ಬೇರೆ ಏಕೆ

ಇದುವರೆಗಿನ ಗುಂಪುಗಳು ಅಕ್ಕಪಕ್ಕದಲ್ಲಿ ನಿಂತವು. ಜಾತಿಗಳು ಮೇಲೆ ಕೆಳಗೆ ನಿಂತಿವೆ. ಆದ್ದರಿಂದ ಜಾತಿಯನ್ನು ಬರೀ ಗುಂಪಿನ ಪ್ರವೃತ್ತಿಯಿಂದ ವಿವರಿಸಲು ಹೋದರೆ ಅರ್ಧ ಕಥೆ ಬಿಟ್ಟುಹೋಗುತ್ತದೆ: ಯಾರ ಕೈಯಲ್ಲಿ ಭೂಮಿಯಿತ್ತು, ಯಾರಿಗೆ ಶಾಲೆಯ ಬಾಗಿಲು ಮುಚ್ಚಿತ್ತು, ಯಾರು ಊರ ಹೊರಗಿರಬೇಕಾಯಿತು ಎಂಬುದು ಪ್ರವೃತ್ತಿಯಲ್ಲ, ಇತಿಹಾಸ.

ಆ ಇತಿಹಾಸ ಮನಸ್ಸಿನೊಳಗೆ ಹೇಗೆ ಇಳಿಯುತ್ತದೆ ಎಂಬುದನ್ನು ಸಂಶೋಧಕರಾದ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಪರೀಕ್ಷಿಸಿದರು. ಮೇಲ್ಜಾತಿಯ 321, ಕೆಳಜಾತಿಯ 321 ಶಾಲಾ ಬಾಲಕರಿಗೆ ಕಾಗದದ ಮೇಲಿನ ಚಕ್ರವ್ಯೂಹದಂಥ ಒಗಟುಗಳನ್ನು ಬಿಡಿಸಿದಷ್ಟಕ್ಕೆ ಹಣ ಕೊಡುವುದಾಗಿ ಹೇಳಲಾಯಿತು. ಜಾತಿಯನ್ನು ಹೇಳದಿದ್ದಾಗ ಎರಡೂ ಕಡೆಯ ಹುಡುಗರು ಸರಿಸಮವಾಗಿ ಬಿಡಿಸಿದರು. ಒಗಟು ಬಿಡಿಸುವ ಮುನ್ನ ಎಲ್ಲರೆದುರು ಹುಡುಗನ ಹೆಸರು, ತಂದೆಯ ಹೆಸರು, ಊರು, ಜಾತಿಗಳನ್ನು ಗಟ್ಟಿಯಾಗಿ ಓದಿದಾಗ ಕೆಳಜಾತಿಯ ಹುಡುಗರು ಬಿಡಿಸಿದ ಒಗಟುಗಳ ಸಂಖ್ಯೆ ಗಣನೀಯವಾಗಿ ಇಳಿಯಿತು. ಅಷ್ಟರಲ್ಲಿ ಅವರ ಬುದ್ಧಿಶಕ್ತಿ ಬದಲಾಗಿರಲಿಲ್ಲ. ತಮ್ಮ ದುಡಿಮೆಗೆ ತಕ್ಕ ಪ್ರತಿಫಲ ಈ ಕೋಣೆಯಲ್ಲಿ ಸಿಕ್ಕೀತೇ ಎಂಬ ನಂಬಿಕೆ ಬದಲಾಗಿತ್ತು ಎಂದು ಸಂಶೋಧಕರು ಅರ್ಥೈಸಿದರು.

ಗೆರೆ ಸರಿಯುವುದು ಯಾವಾಗ

1954ರಲ್ಲಿ ಅಮೆರಿಕದ ಓಕ್ಲಹೋಮಾದ ಬೇಸಿಗೆ ಶಿಬಿರವೊಂದರಲ್ಲಿ ಮನೋವಿಜ್ಞಾನಿ ಮುಜಾಫರ್ ಶೆರೀಫ್ 22 ಹುಡುಗರನ್ನು ಎರಡು ತಂಡ ಮಾಡಿ ಸ್ಪರ್ಧೆಗಿಳಿಸಿದರು. ಕೆಲವೇ ದಿನಗಳಲ್ಲಿ ಒಬ್ಬರ ಬಾವುಟವನ್ನು ಇನ್ನೊಬ್ಬರು ಸುಡುವ ಮಟ್ಟಕ್ಕೆ ಹಗೆ ಬೆಳೆಯಿತು. ಜೊತೆಯಲ್ಲಿ ಕೂಡಿಸಿ ಊಟ ಹಾಕಿದರೆ ಅದೂ ಕಾದಾಟಕ್ಕೆ ನೆಪವಾಯಿತು. ಶಿಬಿರದ ನೀರಿನ ವ್ಯವಸ್ಥೆ ಕೆಟ್ಟಾಗ, ಲಾರಿ ಕೈಕೊಟ್ಟಾಗ, ಎರಡೂ ತಂಡ ಸೇರಿ ದುಡಿಯಲೇಬೇಕಾದ ಪ್ರಸಂಗಗಳು ಬಂದ ಮೇಲೆ ಹಗೆ ಇಳಿಯಿತು. ಸಂಶೋಧಕರೇ ಸನ್ನಿವೇಶಗಳನ್ನು ತೀರ ಹೆಚ್ಚು ಹೆಣೆದಿದ್ದರು ಎಂಬ ಆಕ್ಷೇಪ ಈ ಪ್ರಯೋಗದ ಮೇಲಿದೆ, ಅದು ನ್ಯಾಯವಾದದ್ದೇ. ಆದರೆ ಪ್ರಯೋಗಾಲಯದ ಆಚೆಗೂ ಇಂಥದ್ದು ಘಟಿಸಿದೆ. ಬಟ್ಟೆ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯಲ್ಲಿ ಬೇರೆ ಬೇರೆ ಜಾತಿಗಳ ಕಾರ್ಮಿಕರು ಒಂದೇ ಪಾಳಿಯಲ್ಲಿ ದುಡಿದು, ಒಂದೇ ಸಂಘದ ಕೆಳಗೆ ಮುಷ್ಕರ ಹೂಡಿದರು. ಜಾತಿ ಲೆಕ್ಕಾಚಾರವಿಲ್ಲದೆ ಚುನಾವಣೆಯೇ ಇಲ್ಲ ಎನ್ನುವ ಈ ಭಾಗದಲ್ಲಿ 1978, 1983 ಮತ್ತು 1985ರಲ್ಲಿ ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರು ಶಾಸಕರಾಗಿ ಗೆದ್ದದ್ದನ್ನು ಆ ಹಿನ್ನೆಲೆಯಿಲ್ಲದೆ ವಿವರಿಸುವುದು ಕಷ್ಟ. ಗಿರಣಿಗಳು ಮುಚ್ಚುತ್ತ ಹೋದಂತೆ ಆ ‘ನಾವು’ ಕೂಡ ನಿಲ್ಲಲು ನೆಲವಿಲ್ಲದಂತಾಯಿತು.

ಬೆರೆಯುವುದೇ ಪರಿಹಾರವೇ ಎಂಬ ಪ್ರಶ್ನೆಗೆ ಇತ್ತೀಚಿನ ಉತ್ತರ ಕ್ರಿಕೆಟ್ ಮೈದಾನದಿಂದ ಬಂದಿದೆ. ಅರ್ಥಶಾಸ್ತ್ರಜ್ಞ ಮ್ಯಾಟ್ ಲೋ ಉತ್ತರ ಪ್ರದೇಶದಲ್ಲಿ ಸಾವಿರಕ್ಕೂ ಹೆಚ್ಚು ಯುವಕರನ್ನು ಸೇರಿಸಿ ಕ್ರಿಕೆಟ್ ಲೀಗ್ ನಡೆಸಿ, ಫಲಿತಾಂಶವನ್ನು 2021ರಲ್ಲಿ ಪ್ರಕಟಿಸಿದರು. ಯಾರು ಯಾವ ತಂಡಕ್ಕೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದ್ದರಿಂದ ಕೆಲವರ ತಂಡದಲ್ಲಿ ಎಲ್ಲ ಜಾತಿಯವರೂ ಇದ್ದರು, ಕೆಲವರ ತಂಡದಲ್ಲಿ ಒಂದೇ ಜಾತಿಯವರು. ಒಂದೇ ತಂಡದಲ್ಲಿ ಆಡಿದವರಲ್ಲಿ ಅನ್ಯಜಾತಿಯ ಗೆಳೆತನಗಳು ಹೆಚ್ಚಿದವು. ಬೇರೆ ಜಾತಿಯವರನ್ನು ಎದುರಾಳಿಗಳಾಗಿ ಮಾತ್ರ ಕಂಡವರಲ್ಲಿ ಅವು ಕಡಿಮೆಯಾದವು. ಒಂದೇ ಮೈದಾನ, ಒಂದೇ ಚೆಂಡು. ಯಾವ ಕಡೆ ನಿಂತು ಆಡಿದರು ಎಂಬುದರ ಮೇಲೆ ಪರಿಣಾಮ ತಿರುವುಮುರುವಾಯಿತು.

ಇಂಥ ಬದಲಾವಣೆ ಎಷ್ಟು ದೂರ ಹೋಗುತ್ತದೆ ಎಂಬುದು ಬೇರೆ ಪ್ರಶ್ನೆ. ಉಗ್ರರ ಹಾವಳಿಯಿಂದ ಊರು ಬಿಟ್ಟಿದ್ದ ಇರಾಕಿನ ಕ್ರೈಸ್ತ ಆಟಗಾರರ ಫುಟ್‌ಬಾಲ್ ತಂಡಗಳಿಗೆ ಮುಸ್ಲಿಂ ಆಟಗಾರರನ್ನು ಸೇರಿಸಿ ಸಲ್ಮಾ ಮೂಸಾ ನಡೆಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಲೀಗ್ ಮುಗಿದು ತಿಂಗಳುಗಳು ಕಳೆದ ಮೇಲೂ ಅವರಲ್ಲಿ ಮುಸ್ಲಿಮರ ಜೊತೆ ಅಭ್ಯಾಸ ಮುಂದುವರಿಸಿದವರು ಹೆಚ್ಚಿದ್ದರು. ಆದರೆ ಮುಸ್ಲಿಮರೇ ಹೆಚ್ಚಾಗಿರುವ ಮೊಸೂಲ್ ನಗರದ ಹೋಟೆಲಿಗೆ ಹೋಗಿ ಊಟ ಮಾಡುವ ವಿಷಯ ಬಂದಾಗ, ಬೆರೆತು ಆಡಿದವರಿಗೂ ಆಡದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.